ಬೈಪೋಲಾರ್ ಇದ್ದವರು ನಿದ್ದೆಯ ಥೆರಪಿ ಮಾಡಬಹುದಾ?

ತೋಟದಕ್ಕ, ಬದಿಯಡ್ಕ:
ನನಗೆ 41 ವರ್ಷ. ಬೈಪೋಲಾರ್‌ಗೆ 2016ರಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಕುಸಿಯುವ ಕಾಯಿಲೆ ಅದು. ಮನಸ್ಸು ಈಗ ಹದದಲ್ಲಿ ಉಂಟು, ನಿದ್ದೆ ಮಾತ್ರ ಇಲ್ಲ. ಒಂಬತ್ತೂವರೆಗೆ ಮಲಗುತ್ತೇನೆ. ಹನ್ನೆರಡರವರೆಗೆ ಮಾಡಿನ ಹಂಚು ನೋಡುವುದೇ ಕೆಲಸ. ಮೂರಕ್ಕೆ ಮತ್ತೆ ಎಚ್ಚರ. ಆಮೇಲೆ ತೋಟದ ಸ್ಪ್ರಿಂಕ್ಲರ್ ಚಕ್ ಚಕ್ ಅನ್ನುವುದನ್ನು ಕೇಳುತ್ತಾ ಬೆಳಗು ಮಾಡುವುದು.

ಮೊದಲು ನೋಡುತ್ತಿದ್ದ ಡಾಕ್ಟರು "ಕಾಯಿಲೆ ಹತೋಟಿಗೆ ಬಂದರೆ ನಿದ್ದೆ ತಾನಾಗಿ ಬರ್ತದೆ" ಎಂದು ನಾಲ್ಕು ವರ್ಷ ಹೇಳಿದರು. ಬರಲಿಲ್ಲ. ಈಗಿನವರು ಸೈಕಾಲಜಿಸ್ಟ್ ಹತ್ತಿರ ಹೋಗಿ, ಸಿಬಿಟಿ-ಐ ಅಂತ, ನಿದ್ದೆ ಬಾರದವರಿಗೆ ಮಾತ್ರೆಯಿಲ್ಲದ ಒಂದು ಥೆರಪಿ ಉಂಟು ಎಂದರು. ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ರಾತ್ರಿ ಐದೇ ಗಂಟೆ ಹಾಸಿಗೆಯಲ್ಲಿರಿ ಎನ್ನುತ್ತದೆ! ಎದೆ ಧಸಕ್ ಎಂದಿತು. ನನಗೆ ತಲೆ ಏರಿದ್ದೇ ನಿದ್ದೆಗೆಟ್ಟು. ಒಂದು ರಾತ್ರಿ ಬೆಳಗಿನವರೆಗೆ ಯಕ್ಷಗಾನ ಆಟ, ಮರುರಾತ್ರಿ ಮದುವೆಮನೆ. ಮೂರನೇ ದಿನ ಸಾಲದಲ್ಲಿ ಎಂಟು ಸೀರೆ ತಂದಿದ್ದೆ. ಒಂದನ್ನೂ ಉಟ್ಟಿಲ್ಲ ಇವತ್ತಿನವರೆಗೆ.

ಇದು ನನ್ನಂಥವರಿಗೆ ಆಗುವಂಥದ್ದಾ?

ನಿವೃತ್ತ ಮೇಷ್ಟ್ರು, ಉಪ್ಪಳ:
ಅಕ್ಕ, ನನ್ನದು ಡಿಪ್ರೆಷನ್, ಆದ್ದರಿಂದ ನಿಮ್ಮ ಲೆಕ್ಕ ಬೇರೆ ಇರಬಹುದು. ನಾನು ಮಂಗಳೂರಿನಲ್ಲಿ ಈ ಥೆರಪಿಗೆ ಆರು ಸಲ ಕೂತೆ. ಅದಕ್ಕೆ ಮೊದಲು ಎಂಟೂವರೆ ಗಂಟೆ ಹಾಸಿಗೆಯಲ್ಲಿ, ನಿದ್ದೆ ಐದು ಗಂಟೆ. ಜಾಸ್ತಿ ಹೊತ್ತು ಬಿದ್ದುಕೊಂಡರೆ ಜಾಸ್ತಿ ನಿದ್ದೆ ಸಿಗುತ್ತದೆ ಅಂತ ನನ್ನ ಲೆಕ್ಕ. ಅದೇ ತಪ್ಪಂತೆ. ಮಲಗುವ ಹೊತ್ತು ಕಡಿಮೆ ಮಾಡಿಸಿದರು. ನಿದ್ದೆ ಹತ್ತದಿದ್ದರೆ ಎದ್ದು ಚಾವಡಿಯಲ್ಲಿ ಕೂರಬೇಕು, ತೂಕಡಿಕೆ ಬಂದ ಮೇಲೆಯೇ ಹಾಸಿಗೆ. ಗಡಿಯಾರ ಕೋಣೆಯಿಂದ ಹೊರಗೆ. ಮೊದಲ ಎರಡು ವಾರ ನರಕ ಮಾರಾಯ್ರೆ, ಹಗಲು ಬಸ್ಸಿನಲ್ಲಿ ನಿದ್ದೆ ಹೋಗಿ ಕುಂಬಳೆಯಲ್ಲಿ ಎದ್ದೆ. ಹಾಸಿಗೆಯಲ್ಲಿದ್ದ ಹೊತ್ತಿನ 85% ನಿದ್ದೆ ಆಗತೊಡಗಿದ ಮೇಲೆ ಹದಿನೈದು ಹದಿನೈದು ನಿಮಿಷ ಸೇರಿಸುತ್ತಾ ಹೋದರು.

ಮನಶ್ಶಾಸ್ತ್ರದವಳು, ಮಂಜೇಶ್ವರ:
ಅಕ್ಕ, ನಿಮ್ಮ ಹೆದರಿಕೆ ಸರಿಯಾದದ್ದೇ. ಬೈಪೋಲಾರ್‌ನಲ್ಲಿ ನಿದ್ದೆಗೆಡುವುದು ಉನ್ಮಾದವನ್ನು, ಅಂದರೆ ನೀವು ಹೇಳಿದ ತಲೆ ಏರುವುದನ್ನು, ಎಬ್ಬಿಸಬಹುದು. ಆ ವಿಡಿಯೋ ನಿಮಗಲ್ಲ. ನಿಮ್ಮಂಥವರಿಗೆ ಈ ಚಿಕಿತ್ಸೆಯನ್ನು ಬದಲಾಯಿಸಿ ಕೊಡುತ್ತಾರೆ. ಹಾಸಿಗೆಯ ಹೊತ್ತನ್ನು ಸಾಮಾನ್ಯವಾಗಿ ಆರೂವರೆ ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಮೊದಲು ಏಳುವ ಹೊತ್ತನ್ನು ಗಟ್ಟಿ ಮಾಡುತ್ತಾರೆ, ಬೆಳಗಿನ ಬೆಳಕಿಗೆ ಹೋಗಲು ಹೇಳುತ್ತಾರೆ, ರಾತ್ರಿ ದೀಪ ಮಂದ ಮಾಡಿಸುತ್ತಾರೆ. ಮನೋವೈದ್ಯರಿಗೂ ಗೊತ್ತಿರಬೇಕು. ಲಿಥಿಯಂ ಬಿಡಬಾರದು.

ಒಂದು ಗುರುತು ಇಟ್ಟುಕೊಳ್ಳಿ. ನಿದ್ದೆ ಬಾರದೆ ಸುಸ್ತಾಗುವುದು ಬೇರೆ, ನಿದ್ದೆಯೇ ಬೇಡ ಅನಿಸುವಷ್ಟು ಹುರುಪು ಬರುವುದು ಬೇರೆ. ಎರಡನೆಯದಾದರೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ.

"ತಾನಾಗಿ ಬರ್ತದೆ" ಅನ್ನುವುದು ಹಳೇ ನಂಬಿಕೆ. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5ರಲ್ಲಿ ನಿದ್ರಾಹೀನತೆಯನ್ನು ಬೇರೆ ಕಾಯಿಲೆಯ ಬಾಲವಾಗಿ ನೋಡುವುದನ್ನು ಬಿಟ್ಟರು. ಭ್ರಮೆ ಇರುವವರಿಗೆ, ಇಲ್ಲದ ದನಿ ಕೇಳಿಸುವವರಿಗೆ ಕೂಡ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ ಈ ಥೆರಪಿಯನ್ನು ಕೊಟ್ಟು ನೋಡಿ, ನಿದ್ದೆ ಸುಧಾರಿಸಿದ್ದನ್ನು 2015ರಲ್ಲಿ ಪ್ರಕಟಿಸಿದೆ.

ಇನ್ನೊಂದು ಕೇಳಲಾ? ಮೂರಕ್ಕೆ ಏಳುವುದು ಎಂತಕ್ಕೆ? ಬಚ್ಚಲಿಗಾ?

ತೋಟದಕ್ಕ, ಬದಿಯಡ್ಕ:
ಹೌದು! ಬಾಯಿ ಒಣಗಿ ಒಂದು ಚೆಂಬು ನೀರು ಕುಡಿಯುವುದು, ಮತ್ತೆ ಬಚ್ಚಲು. ಇದನ್ನು ಯಾರೂ ಕೇಳಿರಲಿಲ್ಲ.

ಮನಶ್ಶಾಸ್ತ್ರದವಳು, ಮಂಜೇಶ್ವರ:
ಲಿಥಿಯಂನಿಂದ ಬಾಯಾರಿಕೆ, ಮೂತ್ರ ಎರಡೂ ಹೆಚ್ಚಬಹುದು. ನೀರು ನೀವಾಗಿ ಕಡಿಮೆ ಮಾಡಬೇಡಿ, ಅಪಾಯ. ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ನೋಡಿ ಮಾತ್ರೆಯ ಹೊತ್ತು ಬದಲಿಸಬೇಕಾ ಎಂದು ಅವರು ಹೇಳುತ್ತಾರೆ.

ತೋಟದಕ್ಕ, ಬದಿಯಡ್ಕ:
ಹತ್ತಿರದಲ್ಲಿ ಒಬ್ಬರು ಸೈಕಾಲಜಿಸ್ಟ್ ಇದ್ದಾರೆ, ಆದರೆ ಅವರಿಗೆ ಮಲಯಾಳ ಮಾತ್ರ. ಮೀನಿನ ಚರ್ಚೆ ಮಲಯಾಳದಲ್ಲಿ ಮಾಡಿಯೇನು, ಅಳುವುದಕ್ಕೆ ನನಗೆ ಕನ್ನಡವೇ ಬೇಕು. ಹಾಗಾಗಿ ಮಂಗಳೂರಿಗೆ ಹೋಗುವುದೆಂದು ನಿರ್ಧಾರ ಮಾಡಿದೆ, ಬುಧವಾರಕ್ಕೆ ಹೊತ್ತು ಸಿಕ್ಕಿದೆ. ಅಲ್ಲಿವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮಲಗಿದ್ದು, ಎದ್ದದ್ದು ಬರೆಯುತ್ತಿದ್ದೇನೆ. ಮಧ್ಯಾಹ್ನದ ಒಂದೂವರೆ ಗಂಟೆ ನಿದ್ದೆಯನ್ನೂ ಬರೆದೆ. ಅತ್ತೆ ನೋಡಿ ನಕ್ಕರು.

ಶನಿವಾರ ಊರಲ್ಲಿ ಆಟ ಉಂಟು. ಕಾಲಮಿತಿಯದ್ದಾದರೂ ಮುಗಿಯುವಾಗ ಹನ್ನೆರಡು ದಾಟುತ್ತದೆ. ಹತ್ತಕ್ಕೇ ಎದ್ದು ಬರುತ್ತೇನೆ, ಭಾನುವಾರವೂ ಆರಕ್ಕೇ ಏಳುವುದು. ಭಾಗವತರು ಬೇಸರ ಮಾಡಬಾರದು.