ಚುಕ್ಕಿಯ ಮನೆಗೆ ಹೊಸ ಮರಿ ಬಂದಾಗ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಹಾಕಿದ ಧ್ವನಿ ಸಂದೇಶವನ್ನು ಈಗಷ್ಟೇ ಎರಡನೆಯ ಸಲ ಕೇಳಿದೆ. ಚರಂಡಿಯ ಪಕ್ಕದಲ್ಲಿ ನೆನೆದು ಕುಳಿತಿದ್ದ ಬೆಕ್ಕಿನ ಮರಿಯನ್ನು ಮೂರು ದಿನಗಳ ಹಿಂದೆ ಮನೆಗೆ ತಂದದ್ದು, ಅದನ್ನು ಕಂಡ ಕ್ಷಣದಿಂದ ನಿನ್ನ ಒಂಬತ್ತು ವರ್ಷದ ಬೆಕ್ಕು ಚುಕ್ಕಿ ಬುಸುಗುಟ್ಟಿ ಬೀರುವಿನ ಮೇಲೆ ಏರಿ ಕುಳಿತದ್ದು, ಈಗ ಊಟವನ್ನೂ ಸರಿಯಾಗಿ ಮುಟ್ಟದಿರುವುದು, ಎಲ್ಲವನ್ನೂ ವಿವರವಾಗಿ ಹೇಳಿದ್ದೀಯೆ. ಕೊನೆಯಲ್ಲಿ ‘ಚಿಕ್ಕಮ್ಮಾ, ನಾನು ಚುಕ್ಕಿಗೆ ಮೋಸ ಮಾಡಿದೆನೇ?’ ಎಂದು ಕೇಳುವಾಗ ನಿನ್ನ ದನಿ ನಡುಗಿತು. ಅದರ ಕೆಳಗೆ ನಿನ್ನ ದೊಡ್ಡಪ್ಪ, ಮರಿಯನ್ನು ಸಿಕ್ಕಿದ ಜಾಗದಲ್ಲಿಯೇ ಬಿಟ್ಟುಬರುವುದು ಒಳ್ಳೆಯದೆಂದು ಬರೆದಿದ್ದಾರೆ. ದೊಡ್ಡಮ್ಮ, ಎರಡನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿದರೆ ಅವೇ ಹೊಂದಿಕೊಳ್ಳುತ್ತವೆ ಎಂದಿದ್ದಾರೆ. ಮಾತು ಉದ್ದವಾಗುತ್ತದೆ, ಆದರೂ ಎಲ್ಲರೂ ಕೇಳಲಿ ಎಂದು ಗುಂಪಿನಲ್ಲಿಯೇ ಉತ್ತರಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಚುಕ್ಕಿಯ ಊಟದ ವಿಷಯ. ಬೆಕ್ಕು ಮುನಿಸಿಕೊಂಡು ಉಪವಾಸ ಕುಳಿತಿದೆ, ಹಸಿದಾಗ ತಾನೇ ತಿನ್ನುತ್ತದೆ ಎಂದು ಬಿಡುವಂತಿಲ್ಲ. ನಾವು ಒಂದೆರಡು ದಿನ ಊಟ ಬಿಟ್ಟರೆ ಸುಸ್ತಾಗುತ್ತೇವೆ, ಅಷ್ಟೇ. ಬೆಕ್ಕು ಕೆಲವೇ ದಿನ ತಿನ್ನದೆ ಉಳಿದರೂ ಅದರ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಬಂದು ತುಂಬಿಕೊಳ್ಳಬಹುದು, ಯಕೃತ್ತು ಕೆಲಸ ನಿಲ್ಲಿಸುವ ಹಂತಕ್ಕೂ ಹೋಗಬಹುದು. ಮೈತುಂಬಿಕೊಂಡ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು, ನಮ್ಮ ಚುಕ್ಕಿ ಎಂದೂ ತೆಳ್ಳಗಿದ್ದವಳಲ್ಲ. ‘ಸರಿಯಾಗಿ ಮುಟ್ಟಿಲ್ಲ’ ಎಂದೆಯಲ್ಲ, ಅದರ ಅರ್ಥ ಸ್ವಲ್ಪವಾದರೂ ತಿಂದಿದ್ದಾಳೆ ಎಂದೇ, ಏನನ್ನೂ ತಿಂದಿಲ್ಲ ಎಂದೇ ಎಂಬುದನ್ನು ಮೊದಲು ನೋಡು. 24 ಗಂಟೆ ಪೂರ್ತಿ ಬಾಯಿಗೆ ಏನೂ ಹಾಕಿಕೊಂಡಿಲ್ಲವಾದರೆ ಇಂದೇ ಪಶುವೈದ್ಯರಲ್ಲಿಗೆ ಕರೆದುಕೊಂಡು ಹೋಗು, ನಾಳೆಗೆ ಮುಂದೂಡಬೇಡ. ಅವಳಿಗೆ ತುಂಬ ಇಷ್ಟವಾದ ಊಟವನ್ನೇ ಸ್ವಲ್ಪ ಬೆಚ್ಚಗೆ ಮಾಡಿ, ಕೆಳಗೆ ಇಳಿಯಲಿ ಎಂದು ಕಾಯದೆ, ಬೀರುವಿನ ಮೇಲೆಯೇ ಇಟ್ಟು ದೂರ ಸರಿದುಬಿಡು. ಬೆಚ್ಚಗಾದ ಊಟದ ವಾಸನೆ ಚೆನ್ನಾಗಿ ಏಳುತ್ತದೆ, ಬೆಕ್ಕಿಗೆ ತಿನ್ನುವ ಮನಸ್ಸು ಬರುವುದು ಮೂಗಿನಿಂದಲೇ.

ಇನ್ನು ಮೋಸದ ಮಾತು. ಚುಕ್ಕಿಗೆ ಹೊಟ್ಟೆಕಿಚ್ಚು ಎಂದು ಗುಂಪಿನಲ್ಲಿ ಇಬ್ಬರು ಬರೆದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಅವಳು ಹೆದರಿದ್ದಾಳೆ. ಬಾಗಿಲ ಚೌಕಟ್ಟು, ಮಂಚದ ಕಾಲು, ನಿನ್ನ ಮೊಣಕಾಲು, ಇವಕ್ಕೆಲ್ಲ ಅವಳು ದಿನವೂ ಕೆನ್ನೆ ಉಜ್ಜುತ್ತಾಳಲ್ಲ, ಅದು ಮುದ್ದು ಮಾತ್ರವಲ್ಲ; ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ಉಜ್ಜಿದಲ್ಲೆಲ್ಲ ತನ್ನ ಗುರುತನ್ನು ಬಿಟ್ಟು ‘ಇದು ನನ್ನ ಜಾಗ, ಇಲ್ಲಿ ಭಯವಿಲ್ಲ’ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಒಂಬತ್ತು ವರ್ಷ ಹೀಗೆ ಕಟ್ಟಿಕೊಂಡ ಮನೆಯೊಳಗೆ ಒಂದು ಸಂಜೆ ಪೂರ್ತಿ ಅಪರಿಚಿತವಾದ ವಾಸನೆಯೊಂದು ನಡುಮನೆಗೇ ಬಂದು ಕುಳಿತರೆ ಅವಳು ಎತ್ತರದ ಜಾಗ ಹುಡುಕುವುದು ಸಹಜ. ಬುಸುಗುಟ್ಟುವುದೂ ಜಗಳಕ್ಕೆ ಕರೆಯುವ ಸದ್ದಲ್ಲ, ‘ಹತ್ತಿರ ಬರಬೇಡ’ ಎಂಬ ಬೇಡಿಕೆ. ಆ ಸದ್ದಿಗಾಗಿ ಅವಳನ್ನು ಗದರಿಸಬೇಡಿ. ಗದರಿಸಿದರೆ ಮರಿ ಇದ್ದಲ್ಲೆಲ್ಲ ತನಗೆ ಬೈಗುಳ ಬೀಳುತ್ತದೆ ಎಂದು ಅವಳು ಕಲಿಯುತ್ತಾಳೆ.

ಅಕ್ಕಾ, ಕೂಡಿಹಾಕುವ ಮಾತನ್ನು ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ ಎಂದು ಬಲ್ಲೆ, ಆದರೆ ನಾನೇ ಒಮ್ಮೆ ಹಾಗೆ ಮಾಡಿ ಪಶ್ಚಾತ್ತಾಪಪಟ್ಟಿದ್ದೇನೆ. ನಮ್ಮ ಹಳೆಯ ಗಂಡುಬೆಕ್ಕು ಗುಂಡನಿಗೆ ಆಗ ಆರು ವರ್ಷ. ಕಾಲು ಮುರಿದಿದ್ದ ಮರಿಯೊಂದನ್ನು ತಂದು, ಅದೇ ದಿನ ಅವನೆದುರಿಗೆ ಬಿಟ್ಟು, ಬಾಗಿಲು ಹಾಕಿದೆ. ಜಗಳವೇನೂ ಆಗಲಿಲ್ಲ, ಹಾಗಾಗಿ ಎಲ್ಲ ಸರಿಹೋಯಿತು ಎಂದುಕೊಂಡೆ. ನಾಲ್ಕನೆಯ ದಿನ ಗುಂಡ ಮತ್ತೆ ಮತ್ತೆ ಲಿಟರ್ ಟ್ರೇಗೆ, ಅಂದರೆ ಮಲಮೂತ್ರಕ್ಕೆ ಇಟ್ಟ ಮರಳಿನ ತಟ್ಟೆಗೆ, ಹೋಗಿ ಕುಳಿತು, ತಿಣುಕಿ, ಏನೂ ಮಾಡದೆ ಎದ್ದು ಬರತೊಡಗಿದ. ಮಲಬದ್ಧತೆ ಇರಬೇಕೆಂದು ಅರ್ಧ ದಿನ ಕಳೆದೆ. ಸಂಜೆ ಅವನು ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ವೈದ್ಯರು ಹೊಟ್ಟೆ ಮುಟ್ಟಿ ನೋಡಿದವರೇ, ಮೂತ್ರ ಕಟ್ಟಿಕೊಂಡಿದೆ, ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ನಳಿಕೆ ಹಾಕಿ ಮೂತ್ರ ತೆಗೆದು ಮೂರು ದಿನ ಅಲ್ಲಿಯೇ ಇಟ್ಟುಕೊಂಡರು. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಮನೆಯಲ್ಲಿ ಆಗುವ ದೊಡ್ಡ ಬದಲಾವಣೆಯ ಒತ್ತಡದಿಂದಲೇ ಮೂತ್ರಕೋಶ ಊದಿಕೊಂಡು ನಾಳ ಮುಚ್ಚಿಹೋಗುವುದುಂಟು ಎಂಬುದನ್ನು ಅಂದು ತಿಳಿದುಕೊಂಡೆ. ಗುಂಡ ಆಮೇಲೆ ಏಳು ವರ್ಷ ಬದುಕಿದ. ಚುಕ್ಕಿ ಹೆಣ್ಣಾದ್ದರಿಂದ ನಾಳ ಕಟ್ಟಿಕೊಳ್ಳುವ ಭಯ ಕಡಿಮೆ, ಆದರೂ ಅವಳು ಎಷ್ಟು ಸಲ ಟ್ರೇಗೆ ಹೋಗುತ್ತಾಳೆ, ಹಾಸಿಗೆಯ ಮೇಲೆ ಮೂತ್ರ ಮಾಡುತ್ತಾಳೆಯೇ, ಅದರಲ್ಲಿ ರಕ್ತದ ಬಣ್ಣ ಕಾಣುತ್ತದೆಯೇ ಎಂಬುದರ ಮೇಲೆ ಕಣ್ಣಿಡು. ಅವಳು ಹಾಸಿಗೆ ಕೆಡಿಸಿದರೆ ಸೇಡಿಗೆ ಮಾಡಿದಳು ಎಂದು ಯಾರೂ ಹೇಳಬಾರದು.

ಭಾವಾ, ಮರಿಯನ್ನು ಬಿಟ್ಟುಬರುವ ವಿಷಯದಲ್ಲಿ ನಿಮ್ಮ ಕಾಳಜಿ ಚುಕ್ಕಿಯ ಬಗ್ಗೆ ಎಂದು ನನಗೆ ಗೊತ್ತು. ಇನ್ನೂ ಹಾಲು ಬಿಡದ ಮರಿ ಒಣ ಜಾಗದಲ್ಲಿ ಬೆಚ್ಚಗೆ ಮಲಗಿದ್ದು, ತಾಯಿ ಆಹಾರಕ್ಕೆ ಹೋಗಿರಬಹುದು ಎಂಬ ಅನುಮಾನವಿದ್ದರೆ, ದೂರ ನಿಂತು ಕಾದು ನೋಡುವುದೇ ಸರಿ. ಈ ಮರಿ ಹಾಗಿರಲಿಲ್ಲ. ನೆನೆದು, ತಣ್ಣಗಾಗಿ, ಅರ್ಧ ದಿನ ಒಂಟಿಯಾಗಿ ಕೂಗಿದೆ. ತೂಗಿ ನೋಡಿದಾಗ ಸುಮಾರು 600 ಗ್ರಾಂ ಇದೆ, ಕಣ್ಣಿನ ನೀಲಿ ಈಗ ಬದಲಾಗತೊಡಗಿದೆ ಎಂದು ಮಗಳು ಹೇಳಿದ್ದಾಳೆ. ಹುಟ್ಟುವಾಗ ಮರಿ ಸುಮಾರು 100 ಗ್ರಾಂ ಇರುತ್ತದೆ, ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರುತ್ತದೆ. ಆ ಲೆಕ್ಕದಲ್ಲಿ ಇದಕ್ಕೆ ಐದಾರು ವಾರ ಇರಬಹುದು. ಬೇಟೆಯಾಡಲು ಕಲಿಯದ, ಒಮ್ಮೆ ಮನುಷ್ಯರ ಕೈಯ ಬಿಸಿಯನ್ನು ನಂಬಿದ ಮರಿಯನ್ನು ಹಿಂದಕ್ಕೆ ಬಿಟ್ಟರೆ ಅದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನಾವು ಯಾರೂ ನೋಡಲು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಂದೆ ಅದಕ್ಕೆ ಬೇರೆ ಒಳ್ಳೆಯ ಮನೆ ಸಿಕ್ಕಿದರೆ ಕೊಡೋಣ, ಅದಕ್ಕೆ ನನ್ನ ಅಡ್ಡಿಯಿಲ್ಲ. ಚರಂಡಿಗೆ ಮಾತ್ರ ಬೇಡ.

ಮಗಳೇ, ನೀನು ಮಾಡಬೇಕಾದ ದೊಡ್ಡ ಕೆಲಸ ಒಂದೇ: ಇಬ್ಬರ ನಡುವೆ ಒಂದು ಮುಚ್ಚಿದ ಬಾಗಿಲು ಇಡುವುದು. ಮರಿಯನ್ನು ಇಂದೇ ಸಣ್ಣ ಕೋಣೆಗೆ ಸೇರಿಸು; ಅದಕ್ಕೆ ಅಲ್ಲಿಯೇ ಬೇರೆ ತಟ್ಟೆ, ಬೇರೆ ನೀರು, ಬೇರೆ ಲಿಟರ್ ಟ್ರೇ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇರಲಿ. ಇದು ಚುಕ್ಕಿಯ ಮನಸ್ಸಿಗೆ ಮಾತ್ರವಲ್ಲ, ಪ್ರಾಣಕ್ಕೂ ಬೇಕಾದ ಬಾಗಿಲು. ಬೀದಿಯಿಂದ ಬಂದ ಮರಿ ಮೇಲ್ನೋಟಕ್ಕೆ ಆಡುತ್ತಿದ್ದರೂ ಒಳಗೆ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ವೈರಸ್ ಇಟ್ಟುಕೊಂಡಿರಬಹುದು. ಆ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಜೀವಂತವಿರುತ್ತದೆ, ನಮ್ಮ ಕೈ, ಚಪ್ಪಲಿ, ಬಟ್ಟೆಗಳ ಮೇಲೆಯೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಆದ್ದರಿಂದ ಕನಿಷ್ಠ ಎರಡು ವಾರ ಬೇರೆ ಇಡು, ಮರಿಯನ್ನು ಮುಟ್ಟಿದ ಕೈ ತೊಳೆಯದೆ ಚುಕ್ಕಿಯನ್ನು ಮುಟ್ಟಬೇಡ. ಚುಕ್ಕಿಯ ಲಸಿಕೆಯ ಪುಸ್ತಕ ತೆಗೆದು ಕೊನೆಯ ದಿನಾಂಕ ನೋಡು. ಮರಿಗೆ ಜಂತುಹುಳುವಿನ ಔಷಧವನ್ನೂ ಮೊದಲ ಲಸಿಕೆಯನ್ನೂ ಈ ವಯಸ್ಸಿನಿಂದಲೇ ಆರಂಭಿಸಬಹುದು. ಲಸಿಕೆಯನ್ನು ಮೂರು ನಾಲ್ಕು ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಮತ್ತೆ ಹಾಕಿಸಬೇಕು. ತಾಯಿಹಾಲಿನಿಂದ ಬಂದ ರಕ್ಷಣೆ ಲಸಿಕೆಗೆ ಅಡ್ಡ ಬರುವುದರಿಂದ ಒಂದೇ ಸಲ ಹಾಕಿಸಿ ಬಿಟ್ಟರೆ ಸಾಲದು.

ಹಿಡಿಯುವಾಗ ಅದು ಕೈಗೆ ಪರಚಿತು ಎಂದು ನೀನು ನಡುವೆ ಹೇಳಿ ಮುಂದೆ ಹೋಗಿಬಿಟ್ಟೆ. ಅದನ್ನು ನಾನು ಬಿಡುವುದಿಲ್ಲ. ಬೀದಿಯ ಪ್ರಾಣಿ ಕಚ್ಚಿದರೂ ರಕ್ತ ಬರುವಂತೆ ಪರಚಿದರೂ ಗಾಯವನ್ನು ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ತಡಮಾಡದೆ ವೈದ್ಯರಿಗೆ ತೋರಿಸಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು. ಮೂರು ದಿನ ಕಳೆದಿದೆ ಎಂದು ಸುಮ್ಮನಿರಬೇಡ, ಇಂದು ಹೋಗು.

ಇನ್ನೆರಡು ವಿಷಯಗಳಿಗೆ ನಾನು ಹೆದರಿಯೇ ಹೇಳುತ್ತಿದ್ದೇನೆ. ಮರಿಯ ಮೈ ಸುಡುತ್ತಿದೆ, ಜ್ವರದ ಮಾತ್ರೆಯಲ್ಲಿ ಒಂದು ಚೂರು ಕೊಡು ಎಂದು ತಮ್ಮ ಬರೆದಿದ್ದಾನೆ. ದಯವಿಟ್ಟು ಬೇಡ. ಬೆಕ್ಕಿನ ಮೈಯ ಸಹಜ ಬಿಸಿಯೇ 38ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೇ ತೋರುತ್ತದೆ. ಪ್ಯಾರಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದು ಮಾತ್ರೆಯ ತುಂಡೇ ರಕ್ತವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಫಿನಾಯಿಲ್ ಹಾಕಿ ನೆಲ ಒರೆಸುವುದೂ ಇದೇ ಕಾರಣಕ್ಕೆ ಬೆಕ್ಕಿರುವ ಮನೆಗೆ ಸಲ್ಲದು. ಎರಡನೆಯದು, ಮರಿಯ ಮೈಯಲ್ಲಿ ಚಿಗಟ ಕಂಡಿವೆ, ನಾಯಿಗೆ ಹಾಕುವ ಔಷಧ ಮನೆಯಲ್ಲಿದೆ ಎಂದೆಯಲ್ಲ, ಆ ಸೀಸೆಯನ್ನು ಮರಿಯ ಹತ್ತಿರ ತರಲೇಬೇಡ. ನಾಯಿಗಳ ಹಲವು ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ, ನಾಯಿಗೆ ಏನೂ ಮಾಡದ ಅದು ಬೆಕ್ಕಿಗೆ ನಡುಕ, ಸೆಳೆತ ತರುತ್ತದೆ. ಸದ್ಯಕ್ಕೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕಿದ ಚಿಗಟಗಳನ್ನು ಸಾಬೂನಿನ ನೀರಿಗೆ ಹಾಕು. ಈ ತೂಕದ ಮರಿಗೆ ಯಾವ ಔಷಧ ಎಂಬುದನ್ನು ವೈದ್ಯರು ಹೇಳಲಿ. ಹಸುವಿನ ಹಾಲೂ ಬೇಡ, ಭೇದಿಯಾಗುತ್ತದೆ. ಹಲ್ಲು ಬಂದ ಮರಿಗೆ ಬೆಕ್ಕಿನ ಮರಿಗಳ ಮೆತ್ತನೆಯ ಆಹಾರವೂ ನೀರೂ ಸಾಕು.

ವೈದ್ಯರು ಮರಿ ಆರೋಗ್ಯವಾಗಿದೆ ಎಂದ ಮೇಲೆ ಪರಿಚಯ ಮಾಡಿಸುವ ಕೆಲಸ. ಅದು ಮೂಗಿನಿಂದ ಆರಂಭವಾಗಿ ಕಣ್ಣಿಗೆ ಬಂದು ಕೊನೆಗೆ ಮೈಗೆ ಬರಬೇಕು. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಮರಿಯ ಕೆನ್ನೆಗೆ ಉಜ್ಜಿದ ಬಟ್ಟೆಯೊಂದನ್ನು ಚುಕ್ಕಿ ಓಡಾಡುವ ಜಾಗದಲ್ಲಿ, ಅವಳ ತಟ್ಟೆಯಿಂದ ಸ್ವಲ್ಪ ದೂರ ಇಡು. ಅದನ್ನು ಮೂಸಿ ಬುಸುಗುಟ್ಟಿದರೆ ಹಾಗೆಯೇ ಬಿಡು, ಮೂಸಿ ಸುಮ್ಮನೆ ತಿರುಗಿ ಹೋದ ದಿನ ಒಂದು ಹೆಜ್ಜೆ ಮುಂದೆ ಹೋದಂತೆ. ಆಮೇಲೆ ಮುಚ್ಚಿದ ಬಾಗಿಲಿನ ಎರಡು ಬದಿಗಳಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಊಟ ಹಾಕು, ತಟ್ಟೆಗಳನ್ನು ದಿನಕ್ಕೆ ಒಂದೊಂದು ಗೇಣು ಬಾಗಿಲ ಹತ್ತಿರಕ್ಕೆ ಸರಿಸು. ಆ ಅಪರಿಚಿತ ವಾಸನೆ ಬಂದಾಗಲೆಲ್ಲ ಒಳ್ಳೆಯ ಊಟವೂ ಬರುತ್ತದೆ ಎಂದು ಅವಳಿಗೆ ತಿಳಿಯಲಿ. ನಮ್ಮ ಮನೆಯಲ್ಲಿ ಗುಂಡನಿಗೂ ಆ ಕಾಲು ಮುರಿದ ಮರಿಗೂ ಎರಡನೆಯ ಸಲ, ಮೊದಲಿನಿಂದ, ಹೀಗೆಯೇ ಪರಿಚಯ ಮಾಡಿಸಿದೆವು. ಹದಿನೇಳನೆಯ ದಿನ ಬಾಗಿಲಿನ ಕೆಳಗಿನ ಸಂದಿಯಿಂದ ಮರಿ ಪಂಜ ಹೊರಹಾಕಿತು, ಗುಂಡ ಅದನ್ನು ಬಹಳ ಹೊತ್ತು ನೋಡಿ, ಉಗುರು ಬಿಚ್ಚದೆ, ತನ್ನ ಪಂಜವನ್ನು ಅದರ ಮೇಲಿಟ್ಟ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಅಂಥ ದಿನ ಬಂದಾಗ ಬಾಗಿಲನ್ನು ಒಂದಿಷ್ಟು ತೆರೆದು, ನಡುವೆ ಬಲೆ ಕಟ್ಟಿ, ಪರಸ್ಪರ ಕಾಣುವಂತೆ ಮಾಡು. ನೇರವಾಗಿ ಬಿಡುವ ಮೊದಲ ದಿನಗಳಲ್ಲಿ ಐದು ನಿಮಿಷ ಸಾಕು. ಅದಕ್ಕೂ ಮುನ್ನ ಮರಿಯನ್ನು ಚೆನ್ನಾಗಿ ಆಡಿಸಿ ಸುಸ್ತು ಮಾಡಿಸು, ಏಕೆಂದರೆ ಮುದಿಬೆಕ್ಕಿನ ಬಾಲಕ್ಕೆ ಮತ್ತೆ ಮತ್ತೆ ಹಾರುವ ಮರಿಯೇ ಹೆಚ್ಚಿನ ಜಗಳಗಳಿಗೆ ಕಾರಣ. ಚುಕ್ಕಿಗೆ ಏರಿ ಕೂರಲು ಬೀರುವಿನ ಮೇಲಿನ ಜಾಗ ಸದಾ ಖಾಲಿಯಿರಲಿ. ಲಿಟರ್ ಟ್ರೇ ಎರಡು ಬೆಕ್ಕಿಗೆ ಮೂರು ಬೇಕು, ಮೂರನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಡಬೇಡ. ಇಬ್ಬರೂ ಒಂದೇ ಬುಟ್ಟಿಯಲ್ಲಿ ಅಪ್ಪಿಕೊಂಡು ಮಲಗುತ್ತಾರೆ ಎಂಬ ಆಸೆಯನ್ನು ಈಗಲೇ ಇಟ್ಟುಕೊಳ್ಳಬೇಡ. ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ನೆಮ್ಮದಿಯಾಗಿ ನಿದ್ರಿಸಿದರೆ ಅದೇ ಸ್ನೇಹ. ಅದಕ್ಕೆ ವಾರಗಳಾಗಬಹುದು, ತಿಂಗಳುಗಳೂ ಆಗಬಹುದು.

ಅಲ್ಲಿಯವರೆಗೆ ಚುಕ್ಕಿಯ ದಿನಚರಿಯಲ್ಲಿ ಏನೂ ತಪ್ಪಬಾರದು. ರಾತ್ರಿ ನೀನು ಓದುವಾಗ ಅವಳು ನಿನ್ನ ಕಾಲ ಬಳಿ ಮಲಗುವ ಹೊತ್ತು ಅವಳದ್ದೇ, ಆ ಹೊತ್ತಿನಲ್ಲಿ ಮರಿಯ ಕೋಣೆಗೆ ಹೋಗಬೇಡ. ದೂರದಿಂದಲೇ ಅವಳನ್ನು ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆ, ಬೆಕ್ಕಿಗೆ ಅದು ಸಮಾಧಾನದ ನೋಟ. ಅವಳೂ ಹಾಗೆಯೇ ಕಣ್ಣು ಮುಚ್ಚಿ ತೆರೆದರೆ ನಿನ್ನ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟಂತಾಯಿತು, ನನ್ನ ಉತ್ತರ ಬೇಡ.

ಈಗ ಎದ್ದು ಬಾಗಿಲು ಹಾಕು, ಬೀರುವಿನ ಮೇಲೆ ಊಟ ಇಡು, ಪರಚಿದ ಕೈಯನ್ನು ವೈದ್ಯರಿಗೆ ತೋರಿಸು. ಸಂಜೆಯೊಳಗೆ ಚುಕ್ಕಿ ಎಷ್ಟು ತಿಂದಳು ಎಂದು ಬರೆ. ತಿನ್ನದಿದ್ದರೆ ಬರೆಯುತ್ತ ಕೂರದೆ ನೇರವಾಗಿ ಕರೆ ಮಾಡು, ಪಶುವೈದ್ಯರಲ್ಲಿಗೆ ನಾನೂ ಜೊತೆಗೆ ಬರುತ್ತೇನೆ.