ಸಹಾಯ ಬೇಕು: ಧಾರೇಶ್ವರದಲ್ಲಿ ಸರ್ಫಿಂಗ್ ಮಾಡಿದವರು ಇದ್ದೀರಾ?

ಕುಮಟಾ, ಹೊನ್ನಾವರ ಕಡೆಯವರು ಸ್ವಲ್ಪ ಹೇಳಿ. ನಾನು ಶಿರಸಿಯವನು. ಮುಲ್ಕಿಯಲ್ಲಿ ಸರ್ಫಿಂಗ್ ಕಲಿತೆ. ಬೋರ್ಡ್ ಮೇಲೆ ನಿಲ್ಲಲು ಬರುತ್ತದೆ, ಅಷ್ಟೇ. ಪ್ರತಿ ಸಲ ಅಷ್ಟು ದೂರ ಹೋಗೋದು ಕಷ್ಟ. ದೇವಿಮನೆ ಘಟ್ಟ ಇಳಿದರೆ ಧಾರೇಶ್ವರ ಹತ್ತಿರ, ಗೋಕರ್ಣದಷ್ಟು ಗದ್ದಲವೂ ಇಲ್ಲ.

ಮೊನ್ನೆ ಬೆಳಿಗ್ಗೆ ಹೋಗಿ ಸುಮ್ನೆ ನೋಡಿ ಬಂದೆ. ಸೊಂಟದೆತ್ತರದ ಅಲೆ, ನಿಧಾನವಾಗಿ ಒಡೆಯುತ್ತಿತ್ತು. ಗಾಳಿ ನೆಲದ ಕಡೆಯಿಂದ ಬೀಸುತ್ತಿದ್ದುದರಿಂದ ನೀರು ನುಣುಪಾಗಿತ್ತು. ಮಧ್ಯಾಹ್ನ ಕಡಲಗಾಳಿ ಎದ್ದಿತು ನೋಡಿ, ಎಲ್ಲ ಕಲಸಿಹೋಯಿತು. ಒಂದು ಕಡೆ ಮಾತ್ರ ಅಲೆ ಒಡೆಯುತ್ತಲೇ ಇರಲಿಲ್ಲ. ಮರಳು ಬೆರೆತ ಕಂದು ನೀರು, ನೊರೆ ಸಮೇತ ದಡದಿಂದ ಕಡಲಿನ ಕಡೆಗೆ ಹೋಗುತ್ತಿತ್ತು. ಅದು ಸೆಳೆತವೇ ಇರಬೇಕು. ಶಾಂತವಾಗಿ ಕಾಣೋ ಜಾಗವೇ ಜಾಸ್ತಿ ಅಪಾಯ ಅಲ್ವಾ?

ಮಳೆಗಾಲದಲ್ಲಿ ಇಳಿಯುವ ಹುಚ್ಚು ನನಗಿಲ್ಲ, ಇದು ಅಕ್ಟೋಬರ್ ನಂತರದ ಮಾತು. ಆ ಸೆಳೆತ ಯಾವಾಗಲೂ ಅಲ್ಲೇ ಇರುತ್ತದಾ, ಮರಳು ಸರಿದ ಹಾಗೆ ಜಾಗ ಬದಲಿಸುತ್ತದಾ? ಭರತದ (ಉಬ್ಬರದ) ಹೊತ್ತು ಒಳ್ಳೆಯದಾ, ಇಳಿತವಾ? ಬೆಳಿಗ್ಗೆ ಏಂಡಿ ಬಲೆ (ದಡದಲ್ಲಿ ನಿಂತು ಎಳೆಯುವ ಮೀನು ಬಲೆ) ಎಳೆಯೋದು ಯಾವ ಕಡೆ? ಅವರ ಕೆಲಸಕ್ಕೆ ಅಡ್ಡ ಆಗಬಾರದು. ಮೀನುಗಾರರ ಮನೆಯವರು ಹೇಳಿದರೆ ಇನ್ನೂ ಒಳ್ಳೆಯದು. ಬರೀ ಅಲೆ-ಗಾಳಿ ತೋರಿಸೋ ಆ್ಯಪ್ ನಂಬಿ ನೀರಿಗಿಳಿಯಲು ಧೈರ್ಯ ಇಲ್ಲ.