ಕಡಿಮೆ ಖರ್ಚಿನ ಡೀಬಗ್ (ದೋಷ ಹುಡುಕುವ) ಸಾಧನ ಯಾವುದು?

ಪ್ರಶ್ನೆ: ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಾನು, ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ (ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್) ಬೋರ್ಡಿನಲ್ಲಿ ಪ್ರೋಗ್ರಾಂ ಎಲ್ಲಿ ನಿಂತುಹೋಗುತ್ತಿದೆ ಎಂಬುದನ್ನು ಎಲ್‌ಇಡಿ ಮಿನುಗಿಸಿಯೇ ಊಹಿಸಬೇಕಾಗಿದೆ. ವಿದ್ಯುತ್ ಸಂಕೇತಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಕೊಳ್ಳುವ ಶಕ್ತಿಯಿಲ್ಲ, ಬೇರೆ ದಾರಿಯಿದೆಯೇ?

ಉತ್ತರ 1: ಖಂಡಿತ ಇದೆ. ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿಗೆ ಡೀಬಗ್‌ಪ್ರೋಬ್ ಎಂಬ ಉಚಿತ ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ತಂತ್ರಾಂಶ) ತುಂಬಿ, ಅದರಿಂದ ನಿಮ್ಮ ಬೋರ್ಡಿಗೆ ಎಸ್‌ಡಬ್ಲ್ಯೂಡಿಐಒ (ಡೀಬಗ್ ದತ್ತಾಂಶ), ಎಸ್‌ಡಬ್ಲ್ಯೂಸಿಎಲ್‌ಕೆ (ಅದರ ಗಡಿಯಾರ ಸಂಕೇತ) ಮತ್ತು ಗ್ರೌಂಡ್ ತಂತಿಗಳನ್ನು ಜೋಡಿಸಿದರೆ, ಕಂಪ್ಯೂಟರಿನಲ್ಲಿ ಓಡುವ ಓಪನ್‌ಒಸಿಡಿ ಹಾಗೂ ಜಿಡಿಬಿ ಎಂಬ ಡೀಬಗ್ ತಂತ್ರಾಂಶಗಳ ಮೂಲಕ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ ವೇರಿಯೇಬಲ್‌ಗಳ ಮೌಲ್ಯವನ್ನು ನೋಡಬಹುದು. ನಿಮ್ಮದು ನ್ಯೂಕ್ಲಿಯೊ ಬೋರ್ಡಾಗಿದ್ದರೆ ಇದೂ ಬೇಡ, ಎಸ್‌ಟಿ-ಲಿಂಕ್ ಎಂಬ ಡೀಬಗ್ ಸಾಧನ ಅದರಲ್ಲೇ ಇರುತ್ತದೆ.

ಉತ್ತರ 2: ತೊಂದರೆ ಸೆನ್ಸರಿನ ಸಂಪರ್ಕದಲ್ಲಿದ್ದರೆ, ಐ2ಸಿ (ಚಿಪ್‌ಗಳು ಎರಡು ತಂತಿಗಳಲ್ಲಿ ಮಾತಾಡುವ ವಿಧಾನ) ಸಂಕೇತ ನೋಡಲು 24 ಮೆಗಾಹರ್ಟ್ಸ್, 8 ಚಾನೆಲ್‌ಗಳ ಅಗ್ಗದ ಲಾಜಿಕ್ ಅನಲೈಸರ್ (ತಂತಿಗಳಲ್ಲಿನ 0-1 ಬದಲಾವಣೆಗಳನ್ನು ದಾಖಲಿಸುವ ಸಾಧನ) ಮತ್ತು ಅದನ್ನು ತೋರಿಸುವ ಪಲ್ಸ್‌ವ್ಯೂ ತಂತ್ರಾಂಶ ಸಾಕು. ಕಳೆದ ತಿಂಗಳು ನನ್ನ ಸೆನ್ಸರಿನ ಎಸ್‌ಡಿಎ (ದತ್ತಾಂಶ) ಗೆರೆ ಮೇಲೇರದೆ ಸೊನ್ನೆಯಲ್ಲೇ ಉಳಿದಿದ್ದು ಅದರಲ್ಲಿ ಕಂಡಿತು; ಗೆರೆಯನ್ನು ಮೇಲಕ್ಕೆಳೆಯುವ 4.7 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಹಾಕಿದೊಡನೆ ಸರಿಹೋಯಿತು.